ಕಿವಿಯಿಂದ ಇಳಿಯದ ಹಾಡು: ಸಂಗೀತದ ಒಲವು ಚಟದಂತೆ ಕಾಡತೊಡಗಿದಾಗ

'ದಿನಕ್ಕೆ ಆರೇಳು ಗಂಟೆ ಹಾಡು ಕೇಳುತ್ತೇನೆ, ಇದು ಚಟವೇ?' ಗಂಟೆ ಎಣಿಸಿ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂತು, ಪಕ್ಕದಲ್ಲಿ ಹಾಡು ಹಾಕಿಕೊಂಡೇ ಕೆಲಸ ಮಾಡುವವರಿದ್ದಾರೆ. ಯಾರಾದರೂ ಮಾತಾಡಿಸಿದರೆ ಹಾಡು ನಿಲ್ಲಿಸುತ್ತಾರೆ, ಕೆಲಸ ಮುಗಿದರೆ ಆರಿಸಿ ಏಳುತ್ತಾರೆ, ರಾತ್ರಿ ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಇನ್ನೊಬ್ಬರು ಕೇಳುವುದು ಒಟ್ಟು ಎರಡೇ ಗಂಟೆ ಇರಬಹುದು. ಆದರೆ ಹಲ್ಲುಜ್ಜಲು ಏಳುವ ಮೊದಲೇ ಅವರ ಕೈ ಇಯರ್‌ಫೋನ್ ಹುಡುಕುತ್ತದೆ. ಸಿಗದಿದ್ದರೆ ಹಲ್ಲುಜ್ಜುವುದೇ ಮುಂದಕ್ಕೆ ಹೋಗುತ್ತದೆ. ಚಾರ್ಜ್ ಮುಗಿದು ಹಾಡು ನಿಂತರೆ ಎದುರಿದ್ದವರ ಮೇಲೆ ಸಿಡುಕುತ್ತಾರೆ. ನನಗೆ ಆತಂಕವಾಗುವುದು ಈ ಎರಡನೆಯವರ ಬಗ್ಗೆ.

ಹಾಗಂತ ಅವರಿಗೆ ವ್ಯಸನಿ ಎಂಬ ಹಣೆಪಟ್ಟಿ ಹಚ್ಚುವ ಆತುರ ಬೇಡ. ವೈದ್ಯಶಾಸ್ತ್ರದ ಪಟ್ಟಿಯಲ್ಲಿ 'ಸಂಗೀತ ವ್ಯಸನ' ಎಂಬ ಕಾಯಿಲೆಯೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಮಾದಕ ವಸ್ತುಗಳನ್ನು ಬಿಟ್ಟರೆ ವ್ಯಸನಗಳ ಸಾಲಿಗೆ ಸೇರಿದ ನಡವಳಿಕೆ ಜೂಜು ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಜೂಜಿನ ಜೊತೆಗೆ ವಿಡಿಯೊ ಗೇಮ್ ಆಟವೂ ಇದೆ. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಗೇಮಿಂಗ್ ಬಗ್ಗೆ ಅಲ್ಲಿ ಹಾಕಿರುವ ಅಳತೆಗೋಲು ನಮಗೂ ಉಪಯೋಗಕ್ಕೆ ಬರುತ್ತದೆ. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಕೈತಪ್ಪಿರಬೇಕು. ಉಳಿದ ಕೆಲಸ, ಆಸಕ್ತಿಗಳನ್ನೆಲ್ಲ ಅದು ಹಿಂದಕ್ಕೆ ತಳ್ಳಿರಬೇಕು. ನಷ್ಟ ಕಣ್ಣಿಗೆ ಕಾಣುತ್ತಿದ್ದರೂ ಮುಂದುವರಿದಿರಬೇಕು. ಓದು, ಉದ್ಯೋಗ, ಮನೆ, ಸಂಬಂಧಗಳಿಗೆ ನಿಜವಾದ ಪೆಟ್ಟು ಬಿದ್ದಿರಬೇಕು. ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ಇಷ್ಟು ದೂರ ಹೋಗಿರುವ ಸಂಗೀತಪ್ರೇಮಿಗಳು ವಿರಳ. ಆದರೆ ಅಲ್ಲಿಗೆ ತಲುಪದೆಯೇ 'ಇದು ನನ್ನ ಹಿಡಿತ ಮೀರುತ್ತಿದೆ' ಎಂದು ಒಳಗೊಳಗೇ ಅಳುಕುವವರು ಬಹಳ ಮಂದಿ. ಆ ಅಳುಕಿಗೆ ಕಾರಣವಿದೆ, ಅದನ್ನು ತಳ್ಳಿಹಾಕಬಾರದು.

ಮಿದುಳಿನಲ್ಲಿ ನಡೆಯುವುದೇನು

ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೇಲೆ ಮಾಡಿದ ಪ್ರಯೋಗದ ವರದಿ 1954ರಲ್ಲಿ ಬಂತು. ಇಲಿಯ ಮಿದುಳಿನ ಒಂದು ನಿರ್ದಿಷ್ಟ ಜಾಗಕ್ಕೆ ಸಣ್ಣ ತಂತಿ ಇಳಿಸಿ, ಪಂಜರದಲ್ಲಿ ಒಂದು ಲಿವರ್ ಇಟ್ಟರು. ಅದನ್ನು ಒತ್ತಿದರೆ ಆ ಜಾಗಕ್ಕೆ ಚೂರು ವಿದ್ಯುತ್ ತಾಗುತ್ತಿತ್ತು. ಇಲಿ ಅದನ್ನು ಮತ್ತೆ ಮತ್ತೆ, ಗಂಟೆಗಟ್ಟಲೆ ಒತ್ತಿತು. ಮಿದುಳಿನಲ್ಲಿ ಬಹುಮಾನದ ಜಾಲವೊಂದಿದೆ ಎಂಬ ತಿಳಿವಳಿಕೆ ಬೆಳೆದದ್ದು ಅಲ್ಲಿಂದ. ಊಟ, ಪ್ರೀತಿ, ಹಣ, ಮಾದಕ ವಸ್ತು ಎಲ್ಲಕ್ಕೂ ಈ ಜಾಲ ಸ್ಪಂದಿಸುತ್ತದೆ.

ಸಂಗೀತಕ್ಕೂ ಸ್ಪಂದಿಸುತ್ತದೆಯೇ? ಇದನ್ನು ನೋಡಿದ್ದೂ ಅದೇ ಮೆಕ್‌ಗಿಲ್‌ನವರು. 2001ರಲ್ಲಿ ಆನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ, ಕೇಳಿದರೆ ಮೈ ಜುಮ್ಮೆನ್ನುವಂಥ ಸಂಗೀತವನ್ನು ಕೇಳುಗರಿಂದಲೇ ಆಯ್ಕೆ ಮಾಡಿಸಿ, ಅದನ್ನು ಕೇಳಿಸುತ್ತ ಮಿದುಳನ್ನು ಸ್ಕ್ಯಾನ್ ಮಾಡಿದರು. ರೋಮಾಂಚನ ಹೆಚ್ಚಿದಂತೆಲ್ಲ ಬಹುಮಾನದ ಜಾಲದ ಚಟುವಟಿಕೆ ಬದಲಾಗುವುದು ಕಂಡಿತು. ಹತ್ತು ವರ್ಷದ ನಂತರ, 2011ರಲ್ಲಿ, ವ್ಯಾಲರಿ ಸಲಿಂಪೂರ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದ ಸಂಗತಿ ತೋರಿಸಿದರು. ಇಷ್ಟದ ಹಾಡು ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದೂ ಎರಡು ಹಂತದಲ್ಲಿ ಎರಡು ಕಡೆ. ರೋಮಾಂಚನದ ಘಳಿಗೆ ಇನ್ನೇನು ಬಂತು ಎಂದು ಮನಸ್ಸು ಕಾಯುವಾಗ ಕಾಡೇಟ್ ಎಂಬ ಭಾಗದಲ್ಲಿ. ಆ ಘಳಿಗೆ ಬಂದಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗದಲ್ಲಿ. ಪಲ್ಲವಿಗೆ ಮರಳುವ ಮುನ್ನ ವಾದ್ಯಗಳೆಲ್ಲ ಒಂದು ಕ್ಷಣ ಸುಮ್ಮನಾಗುತ್ತವಲ್ಲ, ಆಗ ಉಸಿರು ಬಿಗಿಹಿಡಿದು ಕಾಯುವ ಸುಖಕ್ಕೂ ಪಲ್ಲವಿ ಬಂದು ಅಪ್ಪಳಿಸಿದಾಗಿನ ಸುಖಕ್ಕೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳಿವೆ.

2019ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ 27 ಜನರಿಗೆ ಬೇರೆ ಬೇರೆ ದಿನ ಬೇರೆ ಬೇರೆ ಮಾತ್ರೆ ಕೊಟ್ಟು ಸಂಗೀತ ಕೇಳಿಸಿದರು. ಡೋಪಮೈನ್ ಹೆಚ್ಚಿಸುವ ಲೆವೊಡೋಪಾ ತೆಗೆದುಕೊಂಡಾಗ ಸಂಗೀತದ ಸುಖ ಹೆಚ್ಚಿತು, ಡೋಪಮೈನ್‌ಗೆ ಅಡ್ಡ ನಿಲ್ಲುವ ರಿಸ್ಪೆರಿಡೋನ್ ತೆಗೆದುಕೊಂಡಾಗ ಕುಗ್ಗಿತು. ಸಂಗೀತದ ಸುಖದಲ್ಲಿ ಡೋಪಮೈನ್‌ನ ಕೈವಾಡ ಇದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಇಲ್ಲೇ ಹಲವರು ದಾರಿ ತಪ್ಪುತ್ತಾರೆ. 'ಸಂಗೀತವೂ ಕೊಕೇನ್‌ನಂತೆಯೇ' ಎಂಬ ತಲೆಬರಹ ನೀವೂ ನೋಡಿರುತ್ತೀರಿ. ಅದು ಹೆದರಿಸುವ ಅರ್ಧಸತ್ಯ. ಕೊಕೇನ್ ನೇರವಾಗಿ ನರಕೋಶಗಳಿಗೇ ಕೈಹಾಕಿ, ಡೋಪಮೈನ್ ಮರಳಿ ಹೀರಿಕೆಯಾಗದಂತೆ ತಡೆಯುತ್ತದೆ. ಸಂಗೀತ ಕಿವಿಯಿಂದ ಹೊರಟು ನೆನಪು, ನಿರೀಕ್ಷೆ, ಕಲಿಕೆ ಎಲ್ಲವನ್ನೂ ಹಾದು ಅಲ್ಲಿಗೆ ತಲುಪಬೇಕು. ಹಾಗಾಗಿ ಅದಕ್ಕೆ ಸಹಜವಾದ ಕಡಿವಾಣವೂ ಇದೆ. ಒಂದೇ ಹಾಡನ್ನು ಸತತವಾಗಿ ಕೇಳಿದರೆ ಒಂದು ಹಂತದಲ್ಲಿ ಸಾಕೆನಿಸುತ್ತದೆ. ದೀರ್ಘಕಾಲ ಕುಡಿದವರು ಒಮ್ಮೆಲೇ ಮದ್ಯ ಬಿಟ್ಟರೆ ಮೈ ನಡುಗಿ, ಫಿಟ್ಸ್ ಬಂದು, ಜೀವಕ್ಕೇ ಕುತ್ತಾಗಬಹುದು. ಹಾಡು ನಿಲ್ಲಿಸಿದರೆ ಕಿರಿಕಿರಿ, ಚಡಪಡಿಕೆ, ಬೇಸರ ಬರಬಹುದು. ಅಂಥ ದೈಹಿಕ ಅಪಾಯ ಬರುವುದಿಲ್ಲ.

ಈ ಜಾಲಕ್ಕೂ ಸಂಗೀತದ ಒಲವಿಗೂ ಇರುವ ನಂಟು ಎಷ್ಟು ವಿಚಿತ್ರ ಎಂಬುದಕ್ಕೆ 2014ರಲ್ಲಿ ವರದಿಯಾದ ಒಬ್ಬ ಡಚ್ ರೋಗಿಯ ಕಥೆ ಕೇಳಬೇಕು. ತೀವ್ರವಾದ ಗೀಳು ಕಾಯಿಲೆಯಿದ್ದ ಅವರ ಮಿದುಳಿನ ನ್ಯೂಕ್ಲಿಯಸ್ ಅಕಂಬೆನ್ಸ್‌ಗೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನ ಅಳವಡಿಸಿದ್ದರು. ಅಲ್ಲಿಯವರೆಗೆ ಸಂಗೀತದಲ್ಲಿ ಅಷ್ಟೇನೂ ಆಸಕ್ತಿಯಿಲ್ಲದಿದ್ದ ಮನುಷ್ಯ ಕೆಲವು ತಿಂಗಳಲ್ಲಿ ಅಮೆರಿಕದ ಗಾಯಕ ಜಾನಿ ಕ್ಯಾಶ್‌ರ ಕಟ್ಟಾ ಅಭಿಮಾನಿಯಾದರು. ಬೇರೆ ಯಾರ ಹಾಡೂ ಬೇಡವಾಯಿತು. ಸಾಧನದ ಬ್ಯಾಟರಿ ಇಳಿದಾಗ ಆ ಅಭಿಮಾನವೂ ಇಳಿಯುತ್ತಿತ್ತು. ಇನ್ನೊಂದು ತುದಿಯೂ ಇದೆ. ಬಾರ್ಸಿಲೋನಾದ ಸಂಶೋಧಕರು ಅದೇ ವರ್ಷ ವರದಿ ಮಾಡಿದ ಕೆಲವರು ಎಲ್ಲ ರೀತಿಯಲ್ಲೂ ಆರೋಗ್ಯವಂತರು, ಹಣ ಗೆದ್ದರೆ ಖುಷಿಪಡುತ್ತಾರೆ, ಸ್ವರಗಳ ವ್ಯತ್ಯಾಸವೂ ತಿಳಿಯುತ್ತದೆ, ಆದರೆ ಸಂಗೀತ ಅವರಿಗೆ ಯಾವ ಸುಖವನ್ನೂ ಕೊಡುವುದಿಲ್ಲ. ಹಾಡಿಗೆ ಕರಗುವ ಮನಸ್ಸು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿಲ್ಲ. ಹೆಚ್ಚು ಸಿಕ್ಕಿದ್ದರೆ ಅದು ದೋಷವಾಗುವುದಿಲ್ಲ.

ಬೇಕೆನಿಸುವುದು ಬೇರೆ, ಹಿತವೆನಿಸುವುದು ಬೇರೆ

ಈ ಇಡೀ ವಿಷಯದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನು ಹೇಳುತ್ತೇನೆ. ಮಿಶಿಗನ್ ವಿಶ್ವವಿದ್ಯಾಲಯದ ಟೆರ್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಲ್ಲಿ ವ್ಯಸನದ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ಒಂದು ವಸ್ತು ಬೇಕು ಎಂಬ ಸೆಳೆತ ಮತ್ತು ಅದು ಸಿಕ್ಕಾಗ ಆಗುವ ಹಿತ, ಇವೆರಡೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳು. ಸಾಮಾನ್ಯವಾಗಿ ಅವು ಜೊತೆಜೊತೆಗೇ ಸಾಗುತ್ತವೆ. ವ್ಯಸನದಲ್ಲಿ ಅವು ಬೇರ್ಪಡುತ್ತವೆ. ಹಿತ ಕುಗ್ಗುತ್ತ ಹೋದರೂ ಸೆಳೆತ ಬಲಿಯುತ್ತಲೇ ಇರುತ್ತದೆ. ಈ ಸಿದ್ಧಾಂತದ ಪ್ರಕಾರ ಡೋಪಮೈನ್‌ನ ಕೆಲಸ ಹೆಚ್ಚಾಗಿ ಆ ಸೆಳೆತದ ಕಡೆಯದು.

ಇದನ್ನು ಹಾಡು ಕೇಳುವ ಅಭ್ಯಾಸಕ್ಕೆ ಹೊಂದಿಸಿ ನೋಡುವುದು ನನ್ನ ಆಲೋಚನೆ. ಹಾಡು ಶುರುವಾಗುತ್ತದೆ. ಮುನ್ನುಡಿಯ ವಾದ್ಯ ಮುಗಿದು ಗಾಯಕಿ ಮೊದಲ ಸಾಲು ಎತ್ತಿಕೊಂಡಿದ್ದಾರೆ ಅಷ್ಟೆ, ಹೆಬ್ಬೆರಳು ಮುಂದಿನ ಹಾಡಿಗೆ ಜಾರಿದೆ. ಅದೂ ಹಳೆಯ ಮೆಚ್ಚಿನ ಹಾಡೇ. ಅದರ ಒಂದು ಸಾಲು ಮುಗಿಯುವಷ್ಟರಲ್ಲಿ ಮತ್ತೊಂದು. ಹೀಗೆ ಅರ್ಧ ಗಂಟೆ ಕಳೆದಿದೆ, ಒಂದು ಹಾಡೂ ಕೊನೆ ಮುಟ್ಟಿಲ್ಲ. ಕೇಳಿದ್ದರಲ್ಲಿ ಯಾವುದು ಹಿಡಿಸಿತು ಎಂದರೆ ಹೇಳಲು ಏನೂ ಇಲ್ಲ. ಆದರೂ ನಿಲ್ಲಿಸಲು ಮನಸ್ಸಿಲ್ಲ. ಈ ಬೆರಳು ಏನನ್ನು ಹುಡುಕುತ್ತಿದೆ? ಸಲಿಂಪೂರ್ ತೋರಿಸಿದ ಆ 'ಇನ್ನೇನು ಬಂತು' ಎಂಬ ಕಾಯುವಿಕೆಯ ಸುಖವನ್ನು ಅದು ಸವರಿಕೊಂಡು ಹೋಗುತ್ತಿದೆ, ಬಂದಾಗಿನ ಸುಖದವರೆಗೆ ನಿಲ್ಲುವ ತಾಳ್ಮೆ ಇಲ್ಲ. ಸಂಗೀತದ ಹಸಿವಿದ್ದವರು ಹಾಡನ್ನು ಕೇಳಿಸಿಕೊಳ್ಳುತ್ತಾರೆ. ಇಲ್ಲಿ ಕೇಳಿಸಿಕೊಳ್ಳುವುದು ನಿಂತುಹೋಗಿ, ಹಾಕುವುದು ಮಾತ್ರ ಉಳಿದಿದೆ. ಚಟದ ವಾಸನೆ ನನಗೆ ಬಡಿಯುವುದು ಇಲ್ಲಿ. ದಿನಕ್ಕೆ ಹತ್ತು ಗಂಟೆ ಕೇಳಿ ಪ್ರತಿ ಹಾಡಿಗೂ ಕಣ್ಣರಳಿಸುವವರಲ್ಲಿ ಅಲ್ಲ.

ತಾಳ್ಮೆ ಕುಂದಿದ್ದಕ್ಕೆ ಕೇಳುಗರನ್ನಷ್ಟೇ ದೂರಿದರೆ ತಪ್ಪಾಗುತ್ತದೆ. 1979ರಲ್ಲಿ ಜೊತೆಗೊಯ್ಯುವ ಪುಟ್ಟ ಕ್ಯಾಸೆಟ್ ಪ್ಲೇಯರ್ ವಾಕ್‌ಮನ್ ಬಂದಾಗ ತಾವೇ ಆರಿಸಿಕೊಂಡ ಸಂಗೀತ ಜನರ ಜೊತೆ ಎಲ್ಲೆಂದರಲ್ಲಿ ನಡೆಯತೊಡಗಿತು. ಆದರೆ ಅರವತ್ತು ನಿಮಿಷದ ಕ್ಯಾಸೆಟ್ ಅರ್ಧ ಗಂಟೆಗೊಮ್ಮೆ ಟಕ್ ಎಂದು ನಿಲ್ಲುತ್ತಿತ್ತು. ತೆಗೆದು, ತಿರುಗಿಸಿ, ಮತ್ತೆ ಹಾಕಬೇಕು. ಆ ಕೆಲವು ಸೆಕೆಂಡುಗಳಲ್ಲಿ 'ಇನ್ನೂ ಬೇಕಾ?' ಎಂಬ ಪ್ರಶ್ನೆ ತಾನಾಗಿ ಎದ್ದುಬಿಡುತ್ತಿತ್ತು. ಈಗ ಪಟ್ಟಿ ಮುಗಿದರೆ ಆ್ಯಪ್ ತಾನೇ ಇನ್ನೊಂದು ಹಾಡು ಹುಡುಕಿ ಹಾಕುತ್ತದೆ, ಅದೂ ನಿಮ್ಮ ರುಚಿ ನೋಡಿಕೊಂಡು. ನಿಲ್ಲಿಸಲು ಈಗ ಪ್ರಯತ್ನ ಬೇಕು, ಮುಂದುವರಿಸಲು ಏನೂ ಬೇಡ.

ಹಾಡಿನ ಹಿಂದೆ ಅಡಗಿರುವುದು

ಹಾಡು ನಿಂತ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಬಹಳಷ್ಟು ಜನರಿಗೆ ಸಂಗೀತದ ಸೆಳೆತಕ್ಕಿಂತ ಮೌನದ ಭಯ ದೊಡ್ಡದು. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು ಖಾಲಿ ಕೋಣೆಯಲ್ಲಿ ಹದಿನೈದು ನಿಮಿಷ ಒಂಟಿಯಾಗಿ ಕೂರಿಸಿದರು. ಫೋನ್ ಇಲ್ಲ, ಪುಸ್ತಕ ಇಲ್ಲ. ಬೇಕಿದ್ದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ವಿದ್ಯುತ್ ಶಾಕ್ ಕೊಟ್ಟುಕೊಳ್ಳಬಹುದಿತ್ತು. ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಗುಂಡಿ ಒತ್ತಿದರು. ತನ್ನದೇ ಯೋಚನೆಗಳ ಜೊತೆ ಸುಮ್ಮನೆ ಕೂರುವುದು ಮನುಷ್ಯನಿಗೆ ಅಷ್ಟು ಕಷ್ಟ. ಮನಸ್ಸಿನಲ್ಲಿ ಮೊದಲೇ ಆತಂಕ, ದುಃಖ, ಒಂಟಿತನ ಇದ್ದರೆ ಕೇಳಬೇಕೆ. ಹಾಡು ಆ ಯೋಚನೆಗಳ ಮೇಲೆ ಎಳೆದ ಪರದೆಯಾಗುತ್ತದೆ.

ಪರದೆ ಎಳೆದುಕೊಳ್ಳುವುದೇ ತಪ್ಪೆಂದು ನಾನು ಹೇಳಲಾರೆ. ದುಃಖದ ರಾತ್ರಿಯೊಂದನ್ನು ಹಾಡಿನ ಆಸರೆಯಲ್ಲಿ ದಾಟಿದವರು ಲೆಕ್ಕವಿಲ್ಲದಷ್ಟು. ತಲೆಯೊಳಗೆ ಯಾರೋ ಮಾತಾಡಿದಂತೆ ಕೇಳಿಸುವ ಕಾಯಿಲೆಯಿರುವ ಕೆಲವರಿಗೆ ಹೆಡ್‌ಫೋನ್ ನಿಜವಾದ ನೆರವು. ಗಮನದ ತೊಂದರೆ ಇರುವ ಕೆಲವರು ಹಾಡು ಹಾಕಿಕೊಂಡರೆ ಮಾತ್ರ ಬೇಸರದ ಕೆಲಸವನ್ನು ಮುಗಿಸಬಲ್ಲರು. ಇಂಥವರಿಂದ ಹೆಡ್‌ಫೋನ್ ಕಿತ್ತುಕೊಂಡರೆ ಊರುಗೋಲು ಕಿತ್ತುಕೊಂಡಂತೆ. ಪ್ರಶ್ನೆ ಏನೆಂದರೆ, ಕೇಳಿ ಮುಗಿಸಿದಾಗ ಮನಸ್ಸು ಹಗುರವಾಗಿದೆಯೋ, ಇನ್ನಷ್ಟು ಭಾರವಾಗಿದೆಯೋ? ಫಿನ್ಲೆಂಡಿನ ಸುವಿ ಸಾರಿಕಾಲಿಯೊ ಮತ್ತು ಜೊತೆಗಾರರು ಹದಿಹರೆಯದವರಿಗಾಗಿ 2015ರಲ್ಲಿ ರೂಪಿಸಿದ ಪ್ರಶ್ನಾವಳಿ ಇಂಥದ್ದನ್ನೇ ಕೇಳುತ್ತದೆ: ಸಂಗೀತದ ಹಿಂದೆ ಅಡಗಿ ಜನರನ್ನು ದೂರ ಇಡುತ್ತೀರಾ? ಕೆಟ್ಟ ನೆನಪು ಕೆದಕುವ ಹಾಡನ್ನೂ ನಿಲ್ಲಿಸಲು ಕಷ್ಟವಾಗುತ್ತದೆಯೇ? ಸಮಾಧಾನಕ್ಕೆಂದು ಹಾಕಿದ ಹಾಡು ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆಯೇ? ಎಷ್ಟು ಹೊತ್ತು ಕೇಳುತ್ತೀರಿ ಎನ್ನುವುದಕ್ಕಿಂತ ಇವು ಎಷ್ಟೋ ಒಳ್ಳೆಯ ಪ್ರಶ್ನೆಗಳು.

ಇನ್ನೊಂದು ಬಗೆಯವರ ಸಂಕಟ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಹಾಡು ಹಾಕಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ, ತಲೆಯೊಳಗೆ ದೊಡ್ಡ ಕಥೆ ಕಟ್ಟುತ್ತಾರೆ. ಅದರಲ್ಲಿ ತಾವೇ ನಾಯಕ, ನಾಯಕಿ. ಪಾತ್ರಗಳಿಗೆ ಹೆಸರಿದೆ, ವರ್ಷಗಟ್ಟಲೆಯ ಚರಿತ್ರೆಯಿದೆ. ಗಂಟೆಗಳು ಹಾಗೇ ಹೋಗುತ್ತವೆ. ಇಸ್ರೇಲಿನ ಎಲೈ ಸೋಮರ್ 2002ರಲ್ಲಿ ಇಂಥ ಅತಿರೇಕದ ಹಗಲುಗನಸಿನ ಬಗ್ಗೆ ಬರೆದರು. ಅದರ ಬಗ್ಗೆ ಹೇಳಿಕೊಂಡವರಲ್ಲಿ ಬಹಳ ಮಂದಿಗೆ ಕನಸಿನ ಬಾಗಿಲು ತೆರೆಯುವುದೇ ಸಂಗೀತ. ಇವರು 'ನನಗೆ ಸಂಗೀತದ ಚಟ' ಎಂದುಕೊಂಡಿರುತ್ತಾರೆ. ನಿಜವಾಗಿ ಬಿಡಲಾಗದ್ದು ಆ ಕಥೆಯನ್ನು. ಬರೀ ಹಾಡನ್ನು ಕಡಿಮೆ ಮಾಡಲು ಹೊರಟರೆ ಇಂಥವರಿಗೆ ಸೋಲೇ ಹೆಚ್ಚು, ಏಕೆಂದರೆ ಹೊರಗಿನ ಬದುಕಿನಲ್ಲಿ ಸಿಗದ ಯಾವುದನ್ನು ಕಥೆ ಕೊಡುತ್ತಿದೆ ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಓದು, ನಿದ್ದೆ, ಕಿವಿ

ಓದಿನ ವಿಷಯ ಚುಟುಕಾಗಿ ಹೇಳಿಬಿಡಬಹುದು. ಅರ್ಥವಾಗುವ ಭಾಷೆಯ ಸಾಹಿತ್ಯವಿರುವ ಹಾಡು ಕೇಳುತ್ತ ಓದಿದರೆ, ಪುಟದ ಮೇಲಿನ ಮಾತೂ ಹಾಡಿನ ಮಾತೂ ಮಿದುಳಿನಲ್ಲಿ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಓದಿದ್ದು ಕಡಿಮೆ ಉಳಿಯುತ್ತದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಈ ತೊಂದರೆಯಿಲ್ಲ.

ನಿದ್ದೆಯ ಬಗ್ಗೆ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ 2021ರಲ್ಲಿ ಹೇಳಿದ್ದು ನಮ್ಮ ನಂಬಿಕೆಗೆ ವಿರುದ್ಧವಾಗಿದೆ. ಮಲಗುವ ಮೊದಲು ಕೇಳಿದ ಹಾಡು ನಿದ್ದೆಯಲ್ಲೂ ತಲೆಯಲ್ಲಿ ಸುತ್ತುತ್ತಿರಬಹುದು, ಅದರಿಂದ ನಿದ್ದೆ ಕೆಡಬಹುದು. ಪರಿಚಿತ ಹಾಡುಗಳ ವಾದ್ಯ ರೂಪವನ್ನು ಕೇಳಿಸಿದಾಗ ಈ ತೊಂದರೆ ಇನ್ನೂ ಹೆಚ್ಚಾಗಿತ್ತು. ಬಿಟ್ಟುಹೋದ ಸಾಹಿತ್ಯವನ್ನು ಮಿದುಳು ತಾನೇ ತುಂಬಿಕೊಳ್ಳಲು ಹೊರಟಿತೇನೋ ಎಂದು ನನಗನಿಸುತ್ತದೆ.

ಕಿವಿಯ ವಿಷಯದಲ್ಲಿ ಮಾತ್ರ ಗಂಟೆ ಎಣಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಸದ್ದು ಮೂರು ಡೆಸಿಬೆಲ್ ಏರಿದರೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ ಸುಮಾರು ನಾಲ್ಕು ಗಂಟೆ. 100ಕ್ಕೆ ಹೋದರೆ ಇಪ್ಪತ್ತು ನಿಮಿಷ, ಅದೂ ಇಡೀ ವಾರಕ್ಕೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವು ಹಾಳಾದ ಮೇಲೆ ಹಲವರ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದುಬಿಡುತ್ತದೆ. ಅದನ್ನು ಮುಚ್ಚಲು ಮತ್ತೆ ಹಾಡು, ಇನ್ನೂ ಜೋರಾಗಿ. ಸಂಗೀತವನ್ನು ಇಷ್ಟು ಪ್ರೀತಿಸುವವರು ಸಂಗೀತ ಕೇಳುವ ಅಂಗವನ್ನೇ ಕಳೆದುಕೊಳ್ಳುವುದು ನನ್ನ ಮಟ್ಟಿಗೆ ಈ ವಿಷಯದ ಅತಿ ದೊಡ್ಡ ನಷ್ಟ. ಕಿವಿಯಲ್ಲಿ ಹಾಡಿದ್ದಾಗಲೇ ರಸ್ತೆ ದಾಟುವವರ ಮಾತು ಬೇರೆಯಾಗಿ ಹೇಳಬೇಕಿಲ್ಲ.

ಹಿಡಿತ ಮರಳಿ ಪಡೆಯುವುದು

ಒಂದು ವಾರ ಪೂರ್ತಿ ಹಾಡೇ ಕೇಳುವುದಿಲ್ಲ ಎಂಬ ಶಪಥವನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಡಬೇಕಾದದ್ದು ಸಂಗೀತವನ್ನಲ್ಲವಾದ್ದರಿಂದ ಅಂಥ ಶಪಥ ಗುರಿಯನ್ನೇ ತಪ್ಪುತ್ತದೆ. ಮೊದಲು, ಆ್ಯಪ್ ತಾನಾಗಿ ಮುಂದಿನ ಹಾಡು ಹಾಕುವ 'ಆಟೊಪ್ಲೇ'ಯನ್ನು ನಿಲ್ಲಿಸಿಬಿಡಿ. ಕ್ಯಾಸೆಟ್ಟಿನ ಆ 'ಟಕ್' ಮರಳಿ ಬರಲಿ. ಹಾಡು ಹಾಕುವ ಮುನ್ನ ಈಗ ಏಕೆ ಬೇಕು ಎಂದು ಒಂದು ಮಾತಿನಲ್ಲಿ ಹೇಳಿಕೊಳ್ಳಿ: ಬೇಸರ, ಸಿಟ್ಟು, ಒಂಟಿ, ಅಭ್ಯಾಸ, ಆಸೆ. ಕೆಲವು ದಿನ ಬರೆದಿಟ್ಟರೆ ನಿಮ್ಮದೇ ನಕ್ಷೆ ಕಾಣುತ್ತದೆ. 'ಆಸೆ' ಎಂಬ ಮಾತು ಆ ಪಟ್ಟಿಯಲ್ಲಿ ಅಪರೂಪವಾಗಿದ್ದರೆ ಯೋಚಿಸಬೇಕಾದ ಸಂಗತಿ ಅದು. ಹಾಕಿದ ಹಾಡನ್ನು ಕೊನೆಯವರೆಗೆ ಕೇಳಿ, ಇಷ್ಟವಾಗದಿದ್ದರೂ. ದಿನಕ್ಕೊಂದು ಹಾಡನ್ನಾದರೂ ಬೇರೇನೂ ಮಾಡದೆ, ಕೂತು ಕೇಳಿ. ತಬಲಾದವರು ಎಲ್ಲಿ ನಡೆ ಬದಲಿಸಿದರು, ಕೊಳಲು ಎಲ್ಲಿ ತಗ್ಗಿತು ಎಂದು ಗುರುತಿಸಿ.

ಮೌನವನ್ನೂ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಬೇಕು. ಸ್ನಾನ, ಊಟ, ಸಣ್ಣ ನಡಿಗೆ, ಇವುಗಳಲ್ಲಿ ಒಂದನ್ನು ಆರಿಸಿ ಅದನ್ನು ಹಾಡಿಲ್ಲದೆ ಮಾಡಿ. ಮೊದಮೊದಲು ಚಡಪಡಿಕೆ ಇದ್ದೇ ಇರುತ್ತದೆ. ಆ ಚಡಪಡಿಕೆ ಏರಿ, ತುಸು ಹೊತ್ತು ನಿಂತು, ಇಳಿಯುತ್ತದೆ. ಇಳಿಯುವ ಮೊದಲೇ ಪ್ಲೇ ಒತ್ತಿದರೆ ಅದು ಇಳಿಯಬಲ್ಲದು ಎಂಬುದು ಮಿದುಳಿಗೆ ಗೊತ್ತಾಗುವುದೇ ಇಲ್ಲ.

ಮೌನದಲ್ಲಿ ಚಡಪಡಿಕೆಗಿಂತ ದೊಡ್ಡದು ಎದುರಾದರೆ, ಅಂದರೆ ತಡೆಯಲಾಗದ ಆತಂಕ, ಬದುಕೇ ಬೇಡವೆನ್ನುವ ಯೋಚನೆ, ಯಾರೂ ಇಲ್ಲದ ಕಡೆ ಕೇಳುವ ದನಿ, ಆಗ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು, ತಡ ಮಾಡಬಾರದು. ವಯಸ್ಸಾದವರಲ್ಲಿ ಹಿಂದೆಂದೂ ಇಲ್ಲದ ಸಂಗೀತದ ಹುಚ್ಚು ಏಕಾಏಕಿ ಹತ್ತಿ, ಜೊತೆಗೆ ಸ್ವಭಾವವೂ ಬದಲಾಗಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಸವೆಯುವ ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಹೀಗಾದದ್ದು ದಾಖಲಾಗಿದೆ. ವೈದ್ಯರ ಬಳಿ ಹೋದಾಗ 'ಹಾಡು ಜಾಸ್ತಿ ಕೇಳುತ್ತೇನೆ' ಎಂದಷ್ಟೇ ಹೇಳಿದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಯಾವ ಹೊತ್ತಿನಲ್ಲಿ ತಡೆಯಲಾಗುವುದಿಲ್ಲ, ಕೇಳುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ, ಹಾಡು ನಿಂತ ಕೂಡಲೇ ಯಾವ ಯೋಚನೆ ಬರುತ್ತದೆ, ನಿದ್ದೆ ಎಷ್ಟು, ಯಾವ ಕೆಲಸ ಕೈಬಿಟ್ಟಿದೆ, ಇಷ್ಟನ್ನು ಹೇಳಿ.